ತೋಟ ಮಾರಿ ಮಗಳನ್ನು ಇಂಗ್ಲೆಂಡಿಗೆ ಕಳಿಸಲೇ?

ಅಕ್ಕಾ, ನಮ್ಮದು ಸೊರಬ ತಾಲ್ಲೂಕು, ಆನವಟ್ಟಿ ಹತ್ತಿರದ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ ಇದೆ. ಎಲ್ಲ ಮಾವನವರ ಕಾಲದಿಂದ ಬಂದದ್ದು. ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಓದಿನಲ್ಲಿ ಚುರುಕು. ಹತ್ತನೇ ಕ್ಲಾಸಿನವರೆಗೆ ಇಲ್ಲೇ ಊರಲ್ಲಿ ಓದಿದವಳು. ಮಗ ಎಂಟನೇ ಕ್ಲಾಸು. ಪಿಯುಸಿ ಮುಗಿದ ಕೂಡಲೇ ಇಂಗ್ಲೆಂಡಿಗೆ ಹೋಗಿ ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮಾಡಬೇಕು ಅಂತ ಮಗಳ ಹಟ. ಶಿವಮೊಗ್ಗದ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ವರ್ಷಕ್ಕೆ 16,000 ಪೌಂಡ್, ಒಟ್ಟು 55 ಲಕ್ಷ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಊಟ, ರೂಮು ಎಲ್ಲ ಪಾರ್ಟ್‌ಟೈಂ ಕೆಲಸದಲ್ಲೇ ಕಳೆಯುತ್ತದೆ, ನಾವು ನಿಮ್ಮಿಂದ ಒಂದು ರೂಪಾಯಿ ತಗೊಳ್ಳಲ್ಲ ಅಂದರು. ತಿಂಗಳ ಕೊನೆಯೊಳಗೆ ಡಿಪಾಸಿಟ್ ಕಟ್ಟಬೇಕಂತೆ. ತೋಟದ ಮೇಲೆ ಅಷ್ಟು ಸಾಲ ಆಗಲ್ಲ ಅಂತ ಬ್ಯಾಂಕಿನವರು ಹೇಳಿದರು. ಶಿಕಾರಿಪುರದಲ್ಲಿರುವ ನಮ್ಮಣ್ಣ "ನನ್ನ ಮನೆ ಪತ್ರ ಇಡ್ತೀನಿ, 50 ಲಕ್ಷ ಎತ್ತಿ" ಅಂತಾನೆ. ಉಳಿದದ್ದಕ್ಕೆ ಒಂದು ಎಕರೆ ಕೊಟ್ಟುಬಿಡೋಣ ಅನ್ನೋದು ಯಜಮಾನರ ಮಾತು. ಹೆಣ್ಣುಹುಡುಗಿಗೆ ಇಷ್ಟು ಸುರಿದರೆ ನಾಳೆ ಮದುವೆಗೇನು, ಮೊಮ್ಮಗನಿಗೇನು ಅಂತ ಅತ್ತೆಗೆ ಸಿಟ್ಟು. ಬೇಡ ಅಂದರೆ ಮಗಳು "ಇಲ್ಲೇ ಇದ್ರೆ ಡಿಗ್ರಿ ಮುಗಿಯೋ ಮುಂಚೆ ಮದುವೆ ಮಾಡಿಬಿಡ್ತೀರ, ನಂಗೊತ್ತು" ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನೇನು ಮಾಡಲಿ?
– ಹೆಸರು ಬೇಡ, ಸೊರಬ ತಾಲ್ಲೂಕು

ತಂಗಿ, ಮೊದಲು ಆ ಚೀಟಿಯ ಸಂಗತಿ ಮುಗಿಸಿಕೊಳ್ಳೋಣ. ವರ್ಷಕ್ಕೆ 16,000 ಪೌಂಡ್ ಅಂದರೆ ಮೂರು ವರ್ಷಕ್ಕೆ 48,000. ಪೌಂಡಿಗೆ 115 ರೂಪಾಯಿ ಹಿಡಿದರೆ 55 ಲಕ್ಷ ಚಿಲ್ಲರೆ. ಹಾಗಾದರೆ ಅವರು ಬರೆದುಕೊಟ್ಟದ್ದು ಬರೀ ಕಾಲೇಜಿನ ಫೀಸು. ಅದರಲ್ಲಿ ಒಂದು ಹೊತ್ತಿನ ಊಟವೂ ಇಲ್ಲ. ಲಂಡನ್ನಿನ ಹೊರಗೆ ಓದುವ ವಿದ್ಯಾರ್ಥಿ ತಿಂಗಳ ಖರ್ಚಿಗೆ 1,100 ಪೌಂಡಿಗಿಂತ ಮೇಲೆ, ಒಂಬತ್ತು ತಿಂಗಳಷ್ಟು ದುಡ್ಡನ್ನು ವೀಸಾಕ್ಕೆ ಮುಂಚೆಯೇ ತೋರಿಸಬೇಕು. ಇದು ಅಲ್ಲಿನ ಸರ್ಕಾರವೇ ಹಾಕಿದ ಕನಿಷ್ಠ ಲೆಕ್ಕ. ಒಂಬತ್ತೇ ತಿಂಗಳು ಅಂದುಕೊಂಡರೂ ವರ್ಷಕ್ಕೆ 11 ಲಕ್ಷ ದಾಟಿತು. ಆಸ್ಪತ್ರೆ ಸೌಲಭ್ಯದ ಬಾಬ್ತು ವರ್ಷಕ್ಕೆ 776 ಪೌಂಡ್ ಬೇರೆ, ಅದೂ ಅಷ್ಟೂ ವರ್ಷದ್ದು ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ವಿಮಾನದ ಟಿಕೆಟ್ಟು, ಚಳಿಗಾಲದ ಬಟ್ಟೆ ಸೇರಿಸದೆಯೇ 90 ಲಕ್ಷದ ಮೇಲಾಯಿತು.

ಪಾರ್ಟ್‌ಟೈಂ ಕೆಲಸದ ಮಾತು ಅರ್ಧ ನಿಜ. ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ಅಲ್ಲಿ 18ರಿಂದ 20 ವಯಸ್ಸಿನವರಿಗೆ ಕನಿಷ್ಠ ಕೂಲಿಯ ದರವೇ ಕಡಿಮೆ. 2025ರ ಏಪ್ರಿಲ್‌ನಿಂದ 21 ದಾಟಿದವರಿಗೆ ಗಂಟೆಗೆ 12.21 ಪೌಂಡ್ ಆದರೆ, ನಿಮ್ಮ ಮಗಳ ವಯಸ್ಸಿನವರಿಗೆ 10 ಪೌಂಡ್ ಎಂದು ಗೊತ್ತುಮಾಡಿದರು. ಆ ದರದಲ್ಲಿ ಒಂದು ವಾರವೂ ತಪ್ಪದೆ ಕೆಲಸ ಸಿಕ್ಕರೆ ತಿಂಗಳಿಗೆ 800 ಪೌಂಡ್. ಪರೀಕ್ಷೆ ಇರುವ ತಿಂಗಳಲ್ಲಿ ಅದೂ ಕಷ್ಟ. ವೀಸಾ ಕೊಡುವವರಂತೂ ಈ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನು ಕನ್ಸಲ್ಟೆನ್ಸಿಯವರು ನಿಮ್ಮಿಂದ ಏಕೆ ದುಡ್ಡು ಕೇಳಲಿಲ್ಲ ಅಂತೀರಾ? ಒಂದು ಸೀಟು ತುಂಬಿಸಿದ್ದಕ್ಕೆ ಅಲ್ಲಿನ ವಿಶ್ವವಿದ್ಯಾಲಯವೇ ಇಂಥವರಿಗೆ ಕಮಿಷನ್ ಕೊಡುತ್ತದೆ. ಅದರಲ್ಲಿ ತಪ್ಪೇನಿಲ್ಲ, ಮಂಡಿಯಲ್ಲಿ ದಲ್ಲಾಳಿ ಇರುವಂತೆಯೇ. ಅಡಿಕೆ ದಲ್ಲಾಳಿಯನ್ನು ಕೂರಿಸಿಕೊಂಡು ನನ್ನ ಮಾಲು ಈಗ ಮಾರಬೇಕೋ ಬೇಡವೋ ಅಂತ ನೀವು ಯಾವತ್ತೂ ಕೇಳಿಲ್ಲ ತಾನೆ?

ಇನ್ನು ನಿಮ್ಮಣ್ಣನ ಮನೆ. ಬ್ಯಾಂಕಿನವರು ತೋಟ ಒಲ್ಲೆ ಎಂದು ಮನೆ ಒಪ್ಪುವುದಕ್ಕೆ ಕಾರಣ ಇದೆ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಅಲೆಯದೆ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಎಂಬ 2002ರ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಮನೆಗೆ, ಸೈಟಿಗೆ ಅನ್ವಯಿಸುತ್ತದೆ. ಹರಾಜು ಹಾಕುವುದು ಸುಲಭ ಅಂತಲೇ ಆ ಮನೆ ಅವರಿಗೆ ಇಷ್ಟವಾಗಿರುವುದು.

ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ಆಮೇಲೆ 15 ವರ್ಷ. ಕಂತು ಇಲ್ಲದ ಆ ಕಾಲದಲ್ಲೂ ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಹತ್ತೂವರೆ ಪರ್ಸೆಂಟ್ ಬಡ್ಡಿಗೆ 50 ಲಕ್ಷವನ್ನು ಮೂರು ಕಂತಿನಲ್ಲಿ ಪಡೆದರೆ, ತೀರಿಸಲು ಶುರುಮಾಡುವ ಹೊತ್ತಿಗೆ ಅದು 65 ಲಕ್ಷ ದಾಟಿರುತ್ತದೆ. ಆಮೇಲೆ ತಿಂಗಳ ಕಂತು 72 ಸಾವಿರದ ಮೇಲೆ. ಬೆಂಗಳೂರಿಗೆ ವಾಪಸು ಬಂದು ಹೊಸದಾಗಿ ಕೆಲಸಕ್ಕೆ ಸೇರಿದ 22ರ ಹುಡುಗಿ ಇದನ್ನು ಕಟ್ಟಲಾರಳು. ಅಲ್ಲೇ ಕೆಲಸ ಹಿಡಿಯಬೇಕು. ಓದು ಮುಗಿದ ಮೇಲೆ ಅಲ್ಲಿ ಎರಡು ವರ್ಷ ಇದ್ದು ಕೆಲಸ ಹುಡುಕಲು ಅವಕಾಶವಿತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು ಹದಿನೆಂಟೇ ತಿಂಗಳು. ಅಷ್ಟರೊಳಗೆ ವೀಸಾಕ್ಕೆ ಜವಾಬ್ದಾರಿ ಹೊರಲು ಪರವಾನಗಿ ಇರುವ ಕಂಪನಿಯೇ ಸಿಗಬೇಕು. 2025ರ ಜುಲೈನಲ್ಲಿ ಬಂದ ನಿಯಮದಂತೆ ಹೊಸಬರಿಗೂ ವರ್ಷಕ್ಕೆ 33,400 ಪೌಂಡ್ ಸಂಬಳ ಕೊಡಬೇಕು. ಇಂಗ್ಲೆಂಡ್ ಒಂದೇ ಅಲ್ಲ. ಕೆನಡಾ 2024ರಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಮೂರು ವರ್ಷ ಬಿಟ್ಟು ಯಾವ ನಿಯಮ ಇರುತ್ತದೋ ಯಾರಿಗೆ ಗೊತ್ತು. ಅದರ ಮೇಲೆ ಅಣ್ಣನ ಮನೆಯನ್ನು ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೂ ಲೆಕ್ಕದ ಮಾತಾಯಿತು. ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ಮಗಳ ಆ ಒಂದು ಮಾತಿನ ಹತ್ತಿರ. "ಡಿಗ್ರಿ ಮುಗಿಯೋ ಮುಂಚೆ ಮದುವೆ ಮಾಡಿಬಿಡ್ತೀರ" ಅಂದಳಲ್ಲ, ಅದು ಎಲ್ಲಿಂದ ಬಂತು? ಯಾರಾದರೂ ಜಾತಕ ಕೇಳಿಕೊಂಡು ಮನೆಗೆ ಬಂದಿದ್ದರೇ? ಅವಳ ಜೊತೆ ಓದಿದವರಲ್ಲಿ ಯಾರಿಗಾದರೂ ಹಾಗಾಯಿತೇ? ಅಡುಗೆಮನೆಯಲ್ಲಿ ಅತ್ತೆ ಆಡಿದ್ದು ಅವಳ ಕಿವಿಗೆ ಬಿದ್ದಿರಲೂ ಸಾಕು. ಶಿವಮೊಗ್ಗದಲ್ಲಿ ಓದಿದರೆ ಶನಿವಾರ ಬಸ್ಸು ಹತ್ತಿ ಊರಿಗೆ ಬರಬೇಕು. ಬೆಂಗಳೂರಾದರೆ ಹಬ್ಬಕ್ಕೆ ಬಾ ಅಂತ ಫೋನು, ಬಂದರೆ ಹುಡುಗನ ಕಡೆಯವರು ಜಗಲಿಯಲ್ಲಿ ಕೂತಿರುತ್ತಾರೆ. ಕರೆದರೆ ಬರಲಾಗದಷ್ಟು ದೂರ ಯಾವುದು ಅಂತ ಆ ಹುಡುಗಿ ಹುಡುಕಿದ್ದಾಳೆ, ಇಂಗ್ಲೆಂಡ್ ಸಿಕ್ಕಿದೆ. ನನ್ನ ಊಹೆ ತಪ್ಪೂ ಇರಬಹುದು. ಸರಿಯಿದ್ದರೆ ಮಾತ್ರ ನೀವು 90 ಲಕ್ಷ ಕೊಟ್ಟು ಕೊಳ್ಳುತ್ತಿರುವುದು ಒಂದು ಭರವಸೆಯನ್ನು. ಅದನ್ನು ನಿಮ್ಮ ಮನೆಯವರು ಪುಕ್ಕಟೆ ಕೊಡಬಹುದು.

ಹಾಗಾಗಿ ಮೊದಲ ಕೆಲಸ ನಿಮ್ಮ ಯಜಮಾನರದು. ಅವರೇ ಹೇಳಬೇಕು, ನೀವಲ್ಲ. ಶಿಕಾರಿಪುರದ ಸೋದರಮಾವನನ್ನೂ ಕರೆಸಿ, ಅಜ್ಜಿಯನ್ನೂ ಕೂರಿಸಿ, ಇವಳ ಓದು ಮುಗಿದು ಎರಡು ವರ್ಷ ಕೆಲಸ ಮಾಡುವವರೆಗೆ ಈ ಮನೆಯಿಂದ ಜಾತಕ ಹೊರಗೆ ಹೋಗುವುದಿಲ್ಲ ಅಂತ ಎಲ್ಲರೆದುರು ಹೇಳಲಿ. ಹೇಳಿ ಒಂದು ವಾರ ಬಿಟ್ಟು ಇಂಗ್ಲೆಂಡಿನ ಮಾತೆತ್ತಿ ನೋಡಿ.

ಅತ್ತೆಯವರಿಗೆ ಒಂದು ವಿಷಯ ತಿಳಿಸಬೇಕು. ತೋಟ ಪಿತ್ರಾರ್ಜಿತ ಅಂತ ಬರೆದಿದ್ದೀರಿ. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಕುಟುಂಬದ ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಇದನ್ನು ಅತ್ತೆಯ ಬಾಯಿ ಮುಚ್ಚಿಸಲು ಬಳಸಬೇಡಿ, ಮಗಳ ಎದುರು ಬಳಸಿ. ಪಹಣಿ ತೆಗೆಸಿ, ಹೋದ ಮೂರು ವರ್ಷ ಅಡಿಕೆಯಿಂದ ಬಂದದ್ದೆಷ್ಟು, ಕೊಳೆರೋಗಕ್ಕೆ, ಎಲೆಚುಕ್ಕಿಗೆ ಔಷಧಿ ಹೊಡೆಸಿ ಹೋದದ್ದೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಡಿ. ಈ ಎಕರೆಯಲ್ಲಿ ನಿನ್ನದೂ ಪಾಲಿದೆ, ಮಾರಿದರೆ ಅದೂ ಕರಗುತ್ತದೆ, ಆ 72 ಸಾವಿರದ ಕಂತನ್ನು ನೀನೇ ಲೆಕ್ಕ ಹಾಕಿ ನೋಡು ಅನ್ನಿ. ಓದಿನಲ್ಲಿ ಚುರುಕಾದವಳು, ನಾನು ಹಾಕಿದ್ದಕ್ಕಿಂತ ಚೆನ್ನಾಗಿ ಹಾಕುತ್ತಾಳೆ. ಅಪ್ಪ ಅಮ್ಮ ಬೇಡ ಅಂದದ್ದು ಶಾಪವಾಗಬಹುದು, ತಾನೇ ಕೂಡಿ ಕಳೆದು ಕಂಡದ್ದು ಹಾಗಾಗುವುದಿಲ್ಲ.

ದೂರ ಹೋಗಿ ಓದುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಮ್ಮ ತವರು ತಾಲ್ಲೂಕಿನ ತಾಳಗುಂದದ ಕಂಬದ ಮೇಲೇ ಇದೆಯಲ್ಲ, ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು. ಅವನು ಓದು ಬಿಟ್ಟು ಕತ್ತಿ ಹಿಡಿದು ರಾಜನಾದ. ನಮ್ಮ ಮಕ್ಕಳು ಅರ್ಧಕ್ಕೆ ಬಿಟ್ಟು ಬಂದರೆ ಸಿಗುವುದು ಬ್ಯಾಂಕಿನ ನೋಟಿಸು! ಹೊರದೇಶವೇ ಅಗ್ಗವಾಗುವ ಓದೂ ಉಂಟು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ಆ ವೈದ್ಯಕೀಯ ವಿದ್ಯಾರ್ಥಿಯನ್ನು ನಮ್ಮ ಸೀಮೆ ಮರೆತಿಲ್ಲ. ಇಲ್ಲಿ ಖಾಸಗಿ ಮೆಡಿಕಲ್ ಸೀಟಿಗೆ ಕೊಡಲಾಗದ್ದಕ್ಕೇ ಅಷ್ಟು ದೂರ ಹೋಗುವವರು ಅಂಥ ಮಕ್ಕಳು. ಕಂಪ್ಯೂಟರ್ ಸೈನ್ಸಿಗೆ ಆ ತಾಪತ್ರಯವಿಲ್ಲ. ಊರಿನ ಶಾಲೆಯಲ್ಲಿ ಒಂದರಿಂದ ಹತ್ತು ಓದಿದವರಿಗೆ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲು ಇದೆ, ಕನ್ನಡ ಮಾಧ್ಯಮವಾಗಿದ್ದರೆ ಶೇ 5 ಬೇರೆ. ಬೆಂಗಳೂರಿನ ಯುವಿಸಿಇ ಇದೆ, ಪಕ್ಕದ ಹಾವೇರಿಯ ದೇವಗಿರಿಯಲ್ಲೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಜೆಇಇ ಬರೆದರೆ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ. ಸಿಇಟಿಯಲ್ಲಿ ಸರ್ಕಾರಿ ಕಾಲೇಜು ಸಿಕ್ಕರೆ ವರ್ಷದ ಶುಲ್ಕ ಲಕ್ಷದೊಳಗೇ ಮುಗಿಯುತ್ತದೆ. ಮನೆಯಿಂದ ಓಡಾಡುವ ಕಾಲೇಜು ಮಾತ್ರ ಬೇಡ, ಹಾಸ್ಟೆಲ್ಲಿಗೇ ಹಾಕಿ.

ಆಮೇಲೂ ಹೊರದೇಶದ ಆಸೆ ಉಳಿದಿದ್ದರೆ ಎರಡನೇ ಡಿಗ್ರಿಗೆ ಹೋಗಲಿ. ಇಂಗ್ಲೆಂಡಿನಲ್ಲಿ ಅದು ಸಾಮಾನ್ಯವಾಗಿ ಒಂದೇ ವರ್ಷ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ, ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಂಥ ಕೆಲವು ಕಡೆ ಮಾತ್ರ ಇದೆ. ಒಂದು ವರ್ಷದ ಖರ್ಚು 11,904 ಯೂರೊ ಖಾತೆಯಲ್ಲಿಟ್ಟು ತೋರಿಸಬೇಕು, ಅದು ಅವಳಿಗೇ ತಿಂಗಳು ತಿಂಗಳು ವಾಪಸು ಬರುತ್ತದೆ. ಎಂಜಿನಿಯರಿಂಗ್ ಓದುವ ನಾಲ್ಕು ವರ್ಷದಲ್ಲಿ ಜರ್ಮನ್ ಕಲಿತುಕೊಳ್ಳಲಿ. ಒಳ್ಳೆಯ ವಿಶ್ವವಿದ್ಯಾಲಯವಾದರೆ ಕೆಲವು ಬ್ಯಾಂಕುಗಳು ಆಸ್ತಿ ಕೇಳದೆಯೂ ಸಾಲ ಕೊಡುತ್ತವೆ. ನೀವು ಯಾವ ವರ್ಗದವರೆಂದು ಬರೆದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯದ 'ಪ್ರಬುದ್ಧ' ಯೋಜನೆಯ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಈಗಲೇ ಕೇಳಿ. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕರೆ ಮೇಲೆ ಬರೆದ ಅರ್ಧ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇದೇ ವರ್ಷ ಕಳಿಸಿ.

ತಿಂಗಳ ಕೊನೆಯ ಡಿಪಾಸಿಟ್ ಕಟ್ಟಬೇಡಿ. ಮಾರ್ಚ್‌ನಲ್ಲಿ ಪರೀಕ್ಷೆ ಇರುವ ಹುಡುಗಿಗೆ ಅದೊಂದು ಗಡಿಬಿಡಿ ಬೇರೆ ಏಕೆ. ಕಟ್ಟಲೇಬೇಕು ಅಂತ ಯಜಮಾನರು ಹಟ ಹಿಡಿದರೆ, ವೀಸಾ ಆಗದಿದ್ದರೆ ಎಷ್ಟು, ನಾವೇ ಬೇಡ ಅಂದರೆ ಎಷ್ಟು ವಾಪಸು ಬರುತ್ತದೆ ಅಂತ ಆ ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಕನ್ಸಲ್ಟೆನ್ಸಿಯ ಚೀಟಿ ಅದಕ್ಕೆ ಸಾಲದು. ಮನೆ ಪತ್ರ ಬೇಡ ಅಂತ ಅಣ್ಣನಿಗೆ ಇವತ್ತೇ ಫೋನ್ ಮಾಡಿ, ಅತ್ತಿಗೆಗೂ ಹೇಳಿ.