ನಾಲ್ಕು ನಾಯಿ ಹಿಡಿದು ಹೊರಡುವ ಮುನ್ನ

ಬೀದಿಯ ಮೂರು ಮನೆಯ ನಾಯಿಗಳ ಜೊತೆ ನಮ್ಮ ಮುಧೋಳವನ್ನೂ ಸೇರಿಸಿ ಬೆಳಿಗ್ಗೆ ವಾಕಿಂಗ್ ಕರೆದೊಯ್ಯುತ್ತೇನೆ ಅಂದೆಯಲ್ಲ ಮರಿ, ಕೇಳಿ ಖುಷಿಯಾಯಿತು. ದಿನವಿಡೀ ಗೇಟಿನ ಹಿಂದೆ ನಿಂತು ಬೊಗಳುವ ಜೀವಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಮೊದಲ ದಿನವೇ ನಾಲ್ಕನ್ನೂ ಹಿಡಿದು ಹೊರಡಬೇಡ.

ಎರಡರಿಂದ ಶುರು ಮಾಡು. ಪರಿಚಯವಾಗಲಿ ಅಂತ ಮೂತಿಗೆ ಮೂತಿ ತಾಗಿಸುವುದು ನಾವೆಲ್ಲ ಮಾಡುವ ತಪ್ಪು. ದಿಟ್ಟಿಸಿ ನೋಡಿದರೆ ನಾಯಿಗೆ ಅದು ಸವಾಲು. ಹಗ್ಗ ಬಿಗಿಯಾಗಿದ್ದರೆ ಹಿಂದೆ ಸರಿಯಲೂ ಆಗದು, ಆಗಲೇ ಬಾಯಿ ಹಾಕುವುದು. ರಸ್ತೆಯ ಆ ಬದಿಗೊಂದು, ಈ ಬದಿಗೊಂದು, ಇಬ್ಬರು ಹಿಡಿದು ಒಂದೇ ದಿಕ್ಕಿಗೆ ನಡೆಸಬೇಕು. ದಿನ ಕಳೆದಂತೆ ಹತ್ತಿರ ತನ್ನಿ. ಒಂದು ಮೂಸಿದ ಕಂಬವನ್ನೇ ಇನ್ನೊಂದೂ ನಿಧಾನವಾಗಿ ಮೂಸಿ ಮುಂದೆ ಹೋಯಿತೋ, ಒಪ್ಪಿಕೊಂಡಿದೆ ಅನ್ನು. ಬಾಲ ಆಡಿಸಿತು ಅಂತ ಮಾತ್ರ ನಂಬಬೇಡ. ಮೈ ಸೆಟೆದು, ನೆಟ್ಟಗೆ ನಿಂತ ಬಾಲದ ತುದಿಯಷ್ಟೇ ಅಲ್ಲಾಡುತ್ತಿದ್ದರೆ ಅದು ಸಿಟ್ಟು. ಸ್ನೇಹವಾದರೆ ಸೊಂಟವೂ ಬಳುಕುತ್ತದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ. ನನ್ನ ಎಡಗೈಯ ಉಂಗುರದ ಬೆರಳು ಸೊಟ್ಟಗಿರುವುದನ್ನು ನೀನು ನೋಡಿದ್ದೀಯ. ಮೂರು ನಾಯಿಗಳ ಹಗ್ಗ ಸುತ್ತಿಕೊಂಡು ಹೋಗುತ್ತಿದ್ದೆ, ಕಾಂಪೌಂಡಿನಿಂದ ಬೆಕ್ಕೊಂದು ಹಾರಿತು. ಮುಧೋಳ ಕಣ್ಣಿನಿಂದಲೇ ಬೇಟೆ ಹಿಡಿಯುವ ತಳಿ, ಕಂಡ ತಕ್ಷಣ ಚಿಮ್ಮಿತು. ಉಳಿದೆರಡೂ ಅದರ ಹಿಂದೆ. ಬೆರಳು ಮುರಿದದ್ದು ನನಗೆ ಗೊತ್ತಾಗಿದ್ದು ನೆಲಕ್ಕೆ ಬಿದ್ದ ಮೇಲೆ. ಹಗ್ಗದ ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಉಳಿದದ್ದನ್ನು ಮಡಿಸಿ ಅಂಗೈಯಲ್ಲಿ ಹಿಡಿ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗವಂತೂ ಗುಂಪಿಗೆ ಬೇಡವೇ ಬೇಡ.

ಬೀದಿನಾಯಿಗಳಿಗೆ ಅವುಗಳದೇ ಗಡಿ ಇದೆ. ನೀನು ನಾಲ್ಕನ್ನು ಕರೆದುಕೊಂಡು ಹೋದರೆ ಅವುಗಳ ಕಣ್ಣಿಗೆ ಅದು ದಂಡು ಬಂದಂತೆ. ಜಗಳಕ್ಕೆ ನಿಲ್ಲಬೇಡ, ದೂರದಿಂದಲೇ ಬಳಸಿ ಹೋಗು. ರೇಬೀಸ್ ಲಸಿಕೆ ಹಾಕಿಸದ ನಾಯಿಯನ್ನು ಯಾರು ಎಷ್ಟೇ ಕೇಳಿಕೊಂಡರೂ ಸೇರಿಸಿಕೊಳ್ಳಬೇಡ.

ಮೂಲೆಮನೆಯವರ ಮರಿಗೆ ಇನ್ನೂ ಎರಡು ತಿಂಗಳು. ಲೋಕದ ಸದ್ದು, ವಾಸನೆ, ಜನ ಎಲ್ಲ ರೂಢಿಯಾಗುವುದು 3ರಿಂದ 14 ವಾರದೊಳಗೇ. ಪಾರ್ವೊ ರೋಗ ತಗಲುವ ವಯಸ್ಸೂ ಅದೇ. ಲಸಿಕೆಗಳೆಲ್ಲ ಮುಗಿಯುವವರೆಗೆ ಅದನ್ನು ರಸ್ತೆಗೆ ಇಳಿಸಬೇಡ, ಎತ್ತಿಕೊಂಡೇ ತೋರಿಸು.

ಬೇಸಿಗೆಯಲ್ಲಿ ಟಾರಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡು. ಏಳು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ಅವುಗಳ ಪಾದವೂ ಸುಡುತ್ತದೆ. ಎದುರುಮನೆಯ ಪಗ್‌ಗೆ ಮೊಂಡು ಮೂಗು, ಬಿಸಿಲಿಗೆ ಬೇಗ ಏದುಸಿರು ಬರುತ್ತದೆ. ಗುಂಪು ಅದರ ನಡಿಗೆಗೆ ಹೊಂದಿಕೊಳ್ಳಲಿ. ಮುಧೋಳಕ್ಕೆ ಅಷ್ಟು ಸಾಲದು, ಅದನ್ನು ಆಮೇಲೆ ನಾನು ಓಡಿಸುತ್ತೇನೆ.

ನಾಳೆ ಆರು ಗಂಟೆಗೆ ಪಗ್ ಒಂದನ್ನೇ ಕರೆದುಕೊಂಡು ಬಾ. ನಮ್ಮದನ್ನು ಹಿಡಿದು ನಾನು ರಸ್ತೆಯ ಆ ಬದಿಯಲ್ಲಿ ನಿಂತಿರುತ್ತೇನೆ.