‘ಸಾಕುವುದು’ ಮತ್ತು ‘ನೋಡಿಕೊಳ್ಳುವುದು’: ಒಂಟಿ ಹಿರಿಯರ ಕೊನೆಗಾಲ ಹಾಗೂ ಮಕ್ಕಳ ಉದ್ಯೋಗ

ಮುಪ್ಪಿನ ಆರೈಕೆಯನ್ನು ಕುರಿತ ಕನ್ನಡದ ಆಡುಮಾತಿನಲ್ಲಿ ಎರಡು ಕ್ರಿಯಾಪದಗಳು ಪ್ರಧಾನವಾಗಿವೆ. ‘ಮಗ ತಾಯಿಯನ್ನು ಸಾಕುತ್ತಿದ್ದಾನೆ’ ಎಂಬಲ್ಲಿ ಅನ್ನ, ಬಟ್ಟೆ, ಔಷಧಿಗಳ ವೆಚ್ಚವೇ ಮುಖ್ಯ. ಮಗ ದೂರದೂರಿನಲ್ಲಿದ್ದರೂ ಆ ವಾಕ್ಯ ಸುಳ್ಳಾಗುವುದಿಲ್ಲ. ‘ಮಗಳು ತಾಯಿಯನ್ನು ನೋಡಿಕೊಳ್ಳುತ್ತಿದ್ದಾಳೆ’ ಎಂದಾಗ ಮಗಳು ಅಲ್ಲಿಯೇ ಇರಬೇಕು. ಮೊದಲನೆಯದಕ್ಕೆ ಸಂಬಳ ಬೇಕು. ಎರಡನೆಯದಕ್ಕೆ ಸಂಬಳ ದುಡಿಯುವ ಹೊತ್ತೇ ಬೇಕು. ವಾಕ್ಯಗಳ ಕರ್ತೃಸ್ಥಾನದಲ್ಲಿ ಮಗ, ಮಗಳು (ಬಹುಪಾಲು ಮನೆಗಳಲ್ಲಿ ಸೊಸೆ) ಹೀಗೆ ಹಂಚಿಕೆಯಾಗಿರುವುದೂ ಆಕಸ್ಮಿಕವಲ್ಲ.

ದಂಪತಿಗಳಿಬ್ಬರೂ ಬದುಕಿರುವವರೆಗೆ ಈ ವಿರೋಧ ಮರೆಯಲ್ಲಿರುತ್ತದೆ. ಒಬ್ಬರು ಹಾಸಿಗೆ ಹಿಡಿದರೆ ಮತ್ತೊಬ್ಬರು ಗಂಜಿ ಕಾಯಿಸುತ್ತಾರೆ, ಮಾತ್ರೆ ಕೊಡುತ್ತಾರೆ, ರಾತ್ರಿ ಎದ್ದು ನೋಡುತ್ತಾರೆ. ಒಬ್ಬರೇ ಉಳಿದಾಗ ಸಂಗಾತಿಯ ಈ ಕೆಲಸವೆಲ್ಲ ಮಕ್ಕಳ ಪಾಲಿಗೆ ಬರುತ್ತದೆ. ಆ ವೇಳೆಗೆ ಅವರು ಸಾಮಾನ್ಯವಾಗಿ ನಲವತ್ತು, ಐವತ್ತರ ಪ್ರಾಯದವರು, ಬಡ್ತಿಯ ಹೊಸ್ತಿಲಲ್ಲಿರುವವರು. ಉದ್ಯೋಗ ಒಮ್ಮೆಲೇ ಕೈಬಿಡುವುದು ಅಪರೂಪ. ಮೊದಲು ಗಳಿಕೆ ರಜೆ ಮುಗಿಯುತ್ತದೆ, ಅನಂತರ ವೇತನರಹಿತ ರಜೆ, ಬೇರೆ ಊರಿನ ಬಡ್ತಿಯ ನಿರಾಕರಣೆ, ಕೊನೆಗೆ ರಾಜೀನಾಮೆ. ಶಿಶುಪಾಲನೆಯ ಅವಧಿಯನ್ನು ಅಂದಾಜಿಸಬಹುದು. ಹಾಸಿಗೆ ಹಿಡಿದವರ ಕಾಲಕ್ಕೆ ಗಡುವಿಲ್ಲ. ಅದು ಮುಗಿದಾಗ ಅದೇ ದರ್ಜೆಯ ಕೆಲಸ ಮರಳಿ ದೊರೆಯುವ ವಯಸ್ಸು ದಾಟಿರುತ್ತದೆ. ಭವಿಷ್ಯನಿಧಿಯೂ ಅಷ್ಟಕ್ಕೇ ನಿಂತಿರುತ್ತದೆ.

ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಲನಚಿತ್ರದ ಮಗ ಆಯ್ದುಕೊಳ್ಳುವುದು ಮೊದಲ ಕ್ರಿಯಾಪದವನ್ನು. ತಾಯಿ ತೀರಿಕೊಂಡ ಮೇಲೆ, ಮರೆವಿನ ಕಾಯಿಲೆಯ ತಂದೆ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿ. ಮಗ ಮುಂಬಯಿಯ ಉದ್ಯೋಗದಲ್ಲಿ. ಮಗನ ಅಪರಾಧಪ್ರಜ್ಞೆಯನ್ನು ಚಿತ್ರ ಸೂಕ್ಷ್ಮವಾಗಿ ಹಿಡಿದಿದೆ. ಕೆಲಸ ಬಿಟ್ಟು ಮನೆಯಲ್ಲುಳಿದ ಮಗಳ ಕಥನ ಅದರ ವ್ಯಾಪ್ತಿಗೆ ಬರುವುದಿಲ್ಲ.

ಕಾನೂನಿನ ಭಾಷೆಯೂ ಬಲ್ಲದ್ದು ಮೊದಲ ಕ್ರಿಯಾಪದವನ್ನೇ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಅಧಿನಿಯಮದಲ್ಲಿ ‘ಪೋಷಣೆ’ಯೆಂದರೆ ಆಹಾರ, ಉಡುಪು, ವಸತಿ, ವೈದ್ಯಕೀಯ ಉಪಚಾರ, ಅದು ನಿಗದಿಪಡಿಸಿದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಸಾಕದ ಮಗನನ್ನು ನ್ಯಾಯಮಂಡಳಿಗೆ ಕರೆಸಲು ಅಲ್ಲಿ ಅವಕಾಶವಿದೆ. ನೋಡಿಕೊಳ್ಳಲೆಂದು ಕೆಲಸ ತೊರೆದವರ ಪ್ರಸ್ತಾಪವಿಲ್ಲ. ರಜೆಯ ನಿಯಮಗಳೂ ಭಿನ್ನವಲ್ಲ. ಕರ್ನಾಟಕ ಸರಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆಯನ್ನು ನೀಡಿತು. ಹೆತ್ತವರ ಪಾಲನೆಯ ಬಗ್ಗೆ ಕೇಂದ್ರ ಸರಕಾರ 2025ರ ಜುಲೈಯಲ್ಲಿ ರಾಜ್ಯಸಭೆಗೆ ನೀಡಿದ ಉತ್ತರವಾದರೋ, ಈಗಾಗಲೇ ಇರುವ 30 ದಿನಗಳ ಗಳಿಕೆ ರಜೆಯನ್ನೇ ಅದಕ್ಕೂ ಬಳಸಿಕೊಳ್ಳಬಹುದೆಂಬುದಾಗಿತ್ತು.