ಡೈ ಹಚ್ಚುವ ಮುಂಚೆ ಎರಡು ದಿನ ಕಾಯಿರಿ

ಮದುವೆ ಸೀಸನ್ ಶುರುವಾದರೆ ಆಳಂದ, ಅಫಜಲಪುರ, ಜೇವರ್ಗಿಯ ಕಿರಾಣಿ ಅಂಗಡಿಗಳ ಮುಂದೆ ಹೇರ್ ಡೈ ಪಾಕೀಟುಗಳ ಮಾಲೆ ತೂಗುತ್ತಿರುತ್ತದೆ. ಕೊಳ್ಳುವವರು ಬಹುತೇಕ ಬರುವುದು ಮದುವೆಯ ಹಿಂದಿನ ಸಂಜೆ. ರಾತ್ರಿ ಊಟ ಮುಗಿಸಿ ಹಚ್ಚಿಕೊಂಡು, ತಲೆ ತೊಳೆದು ಮಲಗಿದರೆ ಕೆಲಸ ಮುಗಿಯಿತು ಎಂಬ ಲೆಕ್ಕ. ಬೆಳಿಗ್ಗೆ ಅಕ್ಕಿಕಾಳು ಬೀಳುವ ಹೊತ್ತಿಗೆ ಕಿವಿಯ ಹಿಂದೆ ತುರಿಕೆ ಶುರುವಾಗುತ್ತದೆ. ಮರುದಿನ ಹಣೆ ಕೆಂಪಾಗುತ್ತದೆ, ಕಣ್ಣಿನ ರೆಪ್ಪೆ ಬಾತು ಕಣ್ಣು ತೆರೆಯಲು ಬರುವುದಿಲ್ಲ. ಆಗ ಬೈಗುಳ ಬೀಳುವುದು ಮದುವೆಮನೆಯ ಬದನೆಕಾಯಿ ಪಲ್ಯಕ್ಕೆ, ಇಲ್ಲವೇ ಊರ ನೀರಿಗೆ. ಡೈ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಏಕೆಂದರೆ ಪಾಕೀಟಿನ ಮೇಲೆ ಹಸಿರು ಎಲೆಯ ಚಿತ್ರವಿದೆ, ‘ಮೆಹಂದಿ’ ಎಂದು ಬರೆದಿದೆ.

ಮನೆಯಲ್ಲೇ ಕೂದಲಿಗೆ ಬಣ್ಣ ಹಾಕಿಕೊಳ್ಳುವುದು ಖಂಡಿತ ತಪ್ಪಲ್ಲ. ಪಾರ್ಲರಿಗೆ ಕೊಡುವ ದುಡ್ಡು ಉಳಿಯುತ್ತದೆ, ಬಿಡುವು ಸಿಕ್ಕಾಗ ಮಾಡಿಕೊಳ್ಳಬಹುದು. ಆದರೆ ಅದಕ್ಕೊಂದು ಕ್ರಮವಿದೆ.

ಮೊದಲು ಪಾಕೀಟು ಓದಿ

ಗೋರಂಟಿ ಎಲೆಯಲ್ಲಿರುವ ಬಣ್ಣದ ಅಂಶಕ್ಕೆ ಲಾಸೋನ್ ಎಂದು ಹೆಸರು. ಅದು ಬಿಳಿ ಕೂದಲನ್ನು ಕಿತ್ತಳೆಯಿಂದ ಕೆಂಪುಗಂದು ಬಣ್ಣಕ್ಕೆ ತಿರುಗಿಸುತ್ತದೆ, ಅದೂ ಗಂಟೆಗಟ್ಟಲೆ ಬಿಟ್ಟರೆ. ಬರೀ ಗೋರಂಟಿಯಿಂದ ಅರ್ಧ ಗಂಟೆಯಲ್ಲಿ ಕಪ್ಪು ಬಣ್ಣ ಬರುವುದು ಸಾಧ್ಯವೇ ಇಲ್ಲ. ನೀರಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟರೆ ಕೂದಲು ಕಪ್ಪಾಗುತ್ತದೆ ಎನ್ನುವ ಪುಡಿ ಹೆಸರಿಗೆ ಮಾತ್ರ ಮೆಹಂದಿ, ಒಳಗಿರುವುದು ರಾಸಾಯನಿಕ ಡೈ. ಅಂಗಡಿಯವರು ‘ಹರ್ಬಲ್ ಅದ ಅಕ್ಕಾ, ಏನೂ ಆಗಲ್ಲ’ ಎಂದರೆ ನಂಬಬೇಡಿ. ಅವರೂ ಪಾಕೀಟಿನ ಹಿಂಬದಿ ಓದಿರುವುದಿಲ್ಲ.

ಹಿಂಬದಿಯಲ್ಲಿ ಇರುವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ‘ಪ್ಯಾರಾ ಫಿನೈಲೀನ್ ಡಯಮೈನ್’ ಅಥವಾ ‘ಪಿಪಿಡಿ’ ಎಂದಿದೆಯೇ ನೋಡಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ, ಇಲ್ಲವೇ ಹೈಸ್ಕೂಲಿಗೆ ಹೋಗುವ ಮಗನ ಕೈಯಲ್ಲಿ ಓದಿಸಿ. ಪ್ಯಾರಿಸ್‌ನ ಯೂಜೀನ್ ಶ್ಯುಲರ್ 1907ರಲ್ಲಿ ಕೃತಕ ಹೇರ್ ಡೈ ತಯಾರಿಸಿ, 1909ರಲ್ಲಿ ಈಗಿನ ಲೋರಿಯಲ್ ಕಂಪನಿ ಕಟ್ಟಿದ ಕಾಲದಿಂದಲೂ ಗಾಢ ಬಣ್ಣದ ಡೈಗಳು ನಿಂತಿರುವುದು ಇದೇ ಬಗೆಯ ರಸಾಯನಗಳ ಮೇಲೆ. ಪಿಪಿಡಿ ಇದ್ದ ಮಾತ್ರಕ್ಕೆ ಪಾಕೀಟು ಬಿಸಾಡಬೇಕಿಲ್ಲ. ಬಹಳ ಜನರಿಗೆ ಅದು ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ನೀವು ಯಾವ ಗುಂಪಿನವರು ಎಂದು ಗೊತ್ತುಮಾಡಿಕೊಳ್ಳದೆ ತಲೆಗೆಲ್ಲ ಮೆತ್ತಿಕೊಳ್ಳುವುದು ತಪ್ಪು. ಇನ್ನೊಂದು ಮಾತು: ‘ಅಮೋನಿಯಾ ಇಲ್ಲ’ ಎಂದು ಬರೆದಿದ್ದರೆ ಅಮೋನಿಯಾ ಮಾತ್ರ ಇಲ್ಲ ಎಂದರ್ಥ. ಪಿಪಿಡಿ ಅದರಲ್ಲೂ ಇರಬಹುದು.

ಕಿವಿ ಹಿಂದಿನ ಪರೀಕ್ಷೆ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಹಚ್ಚಿಕೊಳ್ಳಬೇಕಾದ ದಿನಕ್ಕಿಂತ ಎರಡು ದಿನ ಮುಂಚೆ ಕಿವಿಯ ಹಿಂದೆ, ಇಲ್ಲವೇ ಮೊಣಕೈ ಒಳಮಡಿಕೆಯ ಹತ್ತಿರ ನಾಣ್ಯದಗಲ ಜಾಗವನ್ನು ಸೋಪು ನೀರಿನಿಂದ ತೊಳೆದು ಒರೆಸಿ. ತಲೆಗೆ ಹೇಗೆ ಕಲಸುತ್ತೀರೋ ಹಾಗೆಯೇ ಚಿಟಿಕೆ ಪುಡಿಯನ್ನು, ಎರಡು ಬಾಟಲಿಯ ಡೈ ಆದರೆ ಎರಡರಿಂದಲೂ ತುಸುತುಸು ತೆಗೆದು ಕಲಸಿ, ಅಲ್ಲಿ ಹಚ್ಚಿ ಒಣಗಲು ಬಿಡಿ. 24 ಗಂಟೆಯ ನಂತರ ಮೆಲ್ಲಗೆ ತೊಳೆದು ನೋಡಿ. ಕೆಂಪಾಗಿದೆಯೇ, ತುರಿಸುತ್ತಿದೆಯೇ, ಗುಳ್ಳೆ ಎದ್ದಿದೆಯೇ? ಏನೂ ಇಲ್ಲದಿದ್ದರೆ ಇನ್ನೊಂದು ದಿನ ಕಾದು 48 ಗಂಟೆಗೆ ಮತ್ತೆ ನೋಡಿ. ಹಚ್ಚಿದ ಸ್ವಲ್ಪ ಹೊತ್ತಿಗೇ ಉರಿ ಬಂದರೆ 24 ಗಂಟೆ ಕಾಯುವ ಮಾತೇ ಬೇಡ, ತೊಳೆದುಬಿಡಿ. ಆ ಡೈ ನಿಮ್ಮದಲ್ಲ.

ಎರಡು ದಿನ ಯಾಕೆ? ಈ ಅಲರ್ಜಿ ನಿಧಾನಕ್ಕೆ ಏಳುವ ಜಾತಿಯದು. ಶರೀರ ಅದನ್ನು ಗುರುತು ಹಿಡಿದು ತಿರುಗಿಬೀಳಲು ಒಂದೆರಡು ದಿನ, ಕೆಲವೊಮ್ಮೆ ಮೂರು ದಿನವೂ ಹಿಡಿಯುತ್ತದೆ. ಹಚ್ಚಿದ ಹತ್ತು ನಿಮಿಷದಲ್ಲಿ ಉರಿಯಲಿಲ್ಲ ಎಂದು ಸಮಾಧಾನ ಪಟ್ಟುಕೊಂಡವರೇ ಮೂರನೇ ದಿನ ಡಾಕ್ಟರ ಮುಂದೆ ಕೂತಿರುತ್ತಾರೆ. ನಮ್ಮ ದೇಶದ ಸೌಂದರ್ಯವರ್ಧಕಗಳ ನಿಯಮಗಳಲ್ಲೇ ಇಂಥ ಡೈಗಳ ಮೇಲೆ ಎಚ್ಚರಿಕೆಯನ್ನೂ ಈ ಪರೀಕ್ಷೆಯ ಸೂಚನೆಯನ್ನೂ ಮುದ್ರಿಸಬೇಕೆಂದು ಇದೆ. ಡಬ್ಬಿಯೊಳಗೆ ಮಡಿಚಿಟ್ಟ ಆ ಚೀಟಿಯನ್ನು ನಾವು ಡೈ ಕಲಸುವಾಗ ನೆಲಕ್ಕೆ ಹಾಸಲು ಬಳಸುತ್ತೇವೆ.

‘ಹತ್ತು ವರ್ಷದಿಂದ ಹಚ್ಕೋಲತ್ತೀನಿ, ಏನೂ ಆಗಿಲ್ಲ’ ಎಂಬ ಮಾತು ನಮ್ಮ ಕಡೆ ಪ್ರತಿ ಮನೆಯಲ್ಲೂ ಕೇಳುತ್ತದೆ. ಅತ್ಯಂತ ಅಪಾಯದ ನಂಬಿಕೆ ಇದು. ಪಿಪಿಡಿ ಅಲರ್ಜಿ ಹುಟ್ಟಿನಿಂದ ಬರುವುದಲ್ಲ, ಹಚ್ಚುತ್ತ ಹಚ್ಚುತ್ತ ಬೆಳೆಯುವುದು. ವರ್ಷಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ಸಾಕು ಎನ್ನುತ್ತದೆ. ಒಮ್ಮೆ ಹಾಗಾದರೆ ಸಾಮಾನ್ಯವಾಗಿ ಜೀವನವಿಡೀ ಹಾಗೆಯೇ ಇರುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಬರುತ್ತದೆ. ಆದ್ದರಿಂದ ಪ್ರತಿ ಸಲವೂ ಪರೀಕ್ಷೆ ಮಾಡಬೇಕು. ಅದೇ ಕಂಪನಿ, ಅದೇ ಬಣ್ಣ, ಅದೇ ಅಂಗಡಿ ಆದರೂ ಮಾಡಬೇಕು.

ಹೆಣ್ಣುಮಕ್ಕಳ ತಂದೆತಾಯಿಗೆ ಇನ್ನೊಂದು ಎಚ್ಚರಿಕೆ. ಉರುಸು, ಜಾತ್ರೆಗಳಲ್ಲಿ ಹತ್ತೇ ನಿಮಿಷದಲ್ಲಿ ಕಡುಕಪ್ಪು ಬಣ್ಣ ಬಿಡುವ ಕೋನ್ ಮಾರುತ್ತಾರೆ. ಅದರಲ್ಲೂ ಇದೇ ಪಿಪಿಡಿ ಇರಬಹುದು, ಎಷ್ಟಿದೆ ಎಂದು ಹೇಳುವವರಿಲ್ಲ. ಎಳೆಯ ಕೈಗೆ ಅದನ್ನು ಬಿಡಿಸಿಕೊಂಡ ಹುಡುಗಿಗೆ ಅಲರ್ಜಿಯ ಬೀಜ ಅಲ್ಲೇ ಬಿದ್ದು, ಮುಂದೆ ಕೂದಲು ನರೆತು ಡೈ ಹಚ್ಚಿದ ಮೊದಲ ದಿನವೇ ಮುಖ ಊದಿಕೊಳ್ಳಬಹುದು. ಕೈಗೆ ಕೆಂಪು ಗೋರಂಟಿಯೇ ಚೆಂದ, ಕರಿ ಕೋನ್ ಬೇಡವೇ ಬೇಡ.

ಹಚ್ಚುವ ದಿನ

ಶುರು ಮಾಡುವ ಮುನ್ನ ಎರಡು ಬಕೆಟ್ ನೀರು ತುಂಬಿಡಿ. ತಲೆಗೆ ಡೈ ಮೆತ್ತಿಕೊಂಡು ಕೂತಾಗಲೇ ಕರೆಂಟ್ ಹೋಗಿ ಬೋರಿನ ಮೋಟರ್ ನಿಂತರೆ ಅರ್ಧ ಗಂಟೆಯ ಡೈ ಎರಡು ಗಂಟೆ ತಲೆಯಲ್ಲೇ ಉಳಿಯುತ್ತದೆ.

ಡೈ ಹಚ್ಚುವ ದಿನ ಬೆಳಿಗ್ಗೆ ತಲೆ ತಿಕ್ಕಿ ತೊಳೆಯಬೇಡಿ. ಹಿಂದಿನ ದಿನ ತೊಳೆದಿದ್ದರೆ ಸಾಕು. ನೆತ್ತಿಯಲ್ಲಿ ತಾನಾಗಿ ಮೂಡುವ ಜಿಡ್ಡು ಚರ್ಮಕ್ಕೆ ಒಂದಿಷ್ಟು ಕಾವಲು. ಎಣ್ಣೆ ಹಚ್ಚಿದ ಕೂದಲಿಗೆ ಮಾತ್ರ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ನೆತ್ತಿಯಲ್ಲಿ ಗಾಯ, ಹುಣ್ಣು, ಹೇನಿಗೆ ಕೆರೆದು ಆದ ಗೀರು ಇದ್ದರೆ ಅವು ಮಾಯುವ ತನಕ ತಡೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳೆಂಟು ಗಂಟೆಯೊಳಗೆ ಮುಗಿಸಿ. ನಡುಹಗಲ ಕಾವಿಗೆ ಬೆವರು ಡೈಯನ್ನು ಹಣೆಯಿಂದ ಕಣ್ಣಿಗೆ ಇಳಿಸುತ್ತದೆ.

ಹಣೆಯಂಚು, ಕಿವಿ, ಕತ್ತಿನ ಹಿಂಭಾಗಕ್ಕೆ ವ್ಯಾಸಲೀನ್ ಸವರಿ. ಗ್ಲೌಸ್ ಹಾಕಿಕೊಳ್ಳಿ. ಗಾಜಿನ, ಪಿಂಗಾಣಿಯ ಅಥವಾ ಪ್ಲಾಸ್ಟಿಕ್ ಬಟ್ಟಲಲ್ಲೇ ಕಲಸಿ. ಸ್ಟೀಲ್, ಅಲ್ಯೂಮಿನಿಯಂ ಬೇಡ. ಬೈತಲೆ ತೆಗೆದು ಕೂದಲನ್ನು ನಾಲ್ಕು ಭಾಗ ಮಾಡಿ, ಎಲ್ಲಿ ನರೆ ಹೆಚ್ಚೋ ಅಲ್ಲಿಂದ ಶುರು ಮಾಡಿ. ಹಿಂದೆ ಬಣ್ಣ ಹಾಕಿದ್ದರೆ ಹೊಸದಾಗಿ ಬೆಳೆದ ಬುಡಕ್ಕಷ್ಟೇ ಹಚ್ಚಿ. ಪ್ರತಿ ಸಲ ತುದಿಯ ತನಕ ಎಳೆಯುತ್ತ ಹೋದರೆ ತುದಿ ಹುಲ್ಲಿನ ಹಾಗೆ ಒರಟಾಗುತ್ತದೆ.

ಹೊತ್ತನ್ನು ಗಡಿಯಾರ ನೋಡಿ ಎಣಿಸಿ. ಪಾಕೀಟಿನಲ್ಲಿ 30 ನಿಮಿಷ ಎಂದಿದ್ದರೆ ಮೂವತ್ತೇ. ಇನ್ನೂ ಸ್ವಲ್ಪ ಕಪ್ಪಾಗಲಿ ಎಂದು ಬಿಟ್ಟರೆ ನೆತ್ತಿ ಬೇಯುತ್ತದೆ ಅಷ್ಟೇ. ನಂತರ ನೀರು ತಿಳಿಯಾಗಿ ಹರಿಯುವ ತನಕ ತೊಳೆಯಿರಿ. ಗಂಡಸರು ಮೀಸೆಗೂ ಗಡ್ಡಕ್ಕೂ ಇದನ್ನೇ ಹಚ್ಚುತ್ತಾರೆ. ಮುಖದ ಚರ್ಮ ಇನ್ನೂ ನಾಜೂಕು, ಅಲ್ಲಿಗೂ ಪರೀಕ್ಷೆ ಬೇಕು. ಹುಬ್ಬಿಗೆ, ರೆಪ್ಪೆಗೂದಲಿಗೆ ಯಾವತ್ತೂ ಬೇಡ. ಕಣ್ಣೇ ಹೋಗಬಹುದು ಎಂಬ ಎಚ್ಚರಿಕೆಯನ್ನು ಪಾಕೀಟಿನ ಮೇಲೆ ಸುಮ್ಮನೆ ಬರೆದಿರುವುದಿಲ್ಲ.

ತುರಿಕೆ, ಊತ ಕಂಡರೆ ತಣ್ಣೀರಿನಿಂದ ಚೆನ್ನಾಗಿ ತೊಳೆದು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಡೈ ಪಾಕೀಟನ್ನೂ ಜೊತೆಗೆ ಒಯ್ಯಿರಿ. ಅರಿಶಿನ, ನಿಂಬೆರಸ ಹಚ್ಚಬೇಡಿ. ಉಸಿರಾಡಲು ಕಷ್ಟವಾದರೆ, ನಾಲಿಗೆ ದಪ್ಪವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಡೈ ಒಗ್ಗದವರಿಗೆ

ಇಂಥವರಿಗೆ ಶುದ್ಧ ಗೋರಂಟಿ ಇದೆ. ಪುಡಿ ಅಪ್ಪಟವೋ ಅಲ್ಲವೋ ಎನ್ನಲು ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಕಲಸಿದ ಪುಡಿಯನ್ನು ಅಂಗೈಗೆ ಅರ್ಧ ಗಂಟೆ ಇಟ್ಟು ತೆಗೆಯಿರಿ. ಮೊದಲು ತಿಳಿ ಕಿತ್ತಳೆ ಕಂಡು, ಒಂದೆರಡು ದಿನದಲ್ಲಿ ಕೆಂಪುಗಂದಿಗೆ ಏರಿದರೆ ಗೋರಂಟಿ. ತೆಗೆದ ಕೂಡಲೇ ಕಪ್ಪಾಗಿದ್ದರೆ ಅದರಲ್ಲಿ ಏನೋ ಬೆರೆತಿದೆ. ಊರಲ್ಲಿ ಗಿಡ ಇರುವವರು ಎಲೆ ನೆರಳಲ್ಲಿ ಒಣಗಿಸಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದರೆ ಇನ್ನೂ ಒಳ್ಳೆಯದು.

ಭುಜದ ತನಕದ ಕೂದಲಿಗೆ ಸುಮಾರು 100 ಗ್ರಾಂ ಪುಡಿ ಬೇಕು. ಚಹಾಪುಡಿ ಕುದಿಸಿ ಸೋಸಿದ ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಂಬೆ ಹಿಂಡಿ, ದೋಸೆಹಿಟ್ಟಿನ ಹದಕ್ಕೆ ಕಲಸಿ ಮುಚ್ಚಿಡಿ. ಚಳಿಗಾಲದಲ್ಲಿ ರಾತ್ರಿಯಿಡೀ ನೆನೆಯಬೇಕು. ನಮ್ಮ ಬೇಸಿಗೆಯ ಕಾವಿಗೆ ಮೂರು ನಾಲ್ಕು ಗಂಟೆ ಸಾಕು, ಹೆಚ್ಚು ಬಿಟ್ಟರೆ ಬಣ್ಣದ ಕಸುವು ಇಳಿಯುತ್ತದೆ. ಇಲ್ಲಿ ಮಾತ್ರ ಎಣ್ಣೆಯಿಲ್ಲದ, ತೊಳೆದ ಕೂದಲು ಬೇಕು. ಎರಡು ಮೂರು ಗಂಟೆ ಬಿಟ್ಟು ಬರೀ ನೀರಿನಿಂದ ತೊಳೆಯಿರಿ.

ಕಪ್ಪೇ ಬೇಕೆಂದರೆ ಗೋರಂಟಿ ತೊಳೆದ ಮೇಲೆ ನೀಲಿ ಎಲೆಯ ಪುಡಿ ಹಚ್ಚಬೇಕು. ಅಂಗಡಿಯಲ್ಲಿ ಇಂಡಿಗೋ ಪುಡಿ ಎಂದು ಕೇಳಿ. ಇದನ್ನು ನೆನೆಹಾಕಿ ಇಡುವಂತಿಲ್ಲ, ನಿಂಬೆಯೂ ಬೇಡ. ಬೆಚ್ಚಗಿನ ನೀರು, ಚಿಟಿಕೆ ಉಪ್ಪು ಹಾಕಿ ಕಲಸಿ, ಹದಿನೈದು ನಿಮಿಷಕ್ಕೆ ಹಚ್ಚಿ, ಒಂದೆರಡು ಗಂಟೆ ಬಿಡಿ. ತೊಳೆದಾಗ ಹಸಿರು ಛಾಯೆ ಕಂಡರೆ ಗಾಬರಿ ಬೇಡ, ಗಾಳಿಗೆ ಆರುತ್ತ ಒಂದು ದಿನದಲ್ಲಿ ಕಪ್ಪಾಗುತ್ತದೆ. ಎರಡು ದಿನ ಶಾಂಪೂ ಮುಟ್ಟಬೇಡಿ. ಇದಕ್ಕೂ ಕಿವಿ ಹಿಂದಿನ ಪರೀಕ್ಷೆ ಉಂಟು, ಗಿಡದ್ದೆಂದು ಬಿಡಬೇಡಿ. ಹಸುಗೂಸುಗಳಿಗೆ ಗೋರಂಟಿಯೂ ಬೇಡ, ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆಯುತ್ತದೆ.

ನೀರು, ಧೂಳು, ಹೆರಳು

ಬೋರಿನ ಸವಳು ನೀರಲ್ಲಿ ಸೋಪು ನೊರೆ ಬಿಡುವುದಿಲ್ಲ, ಅದರ ಬಿಳಿ ಜಿಗುಟು ಕೂದಲಿಗೇ ಅಂಟುತ್ತದೆ. ಬಣ್ಣ ಮಂಕಾಗಿ ಕಾಣಲು ಅದೂ ಒಂದು ಕಾರಣ. ತಲೆಗೆ ಬಟ್ಟೆ ಸೋಪು ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಶಾಂಪೂ ಅಥವಾ ಸೀಗೆಕಾಯಿ ಬಳಸಿ, ಕೊನೆಯ ಒಂದೆರಡು ಚೊಂಬು ಮಾತ್ರ ಮಳೆನೀರು ಇಲ್ಲವೇ ಶುದ್ಧ ನೀರಿನ ಘಟಕದಿಂದ ತಂದ ನೀರು ಸುರಿದುಕೊಳ್ಳಿ. ತೊಗರಿ ರಾಶಿಗೆ ಹೋಗುವವರು ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಬಂದ ಮೇಲೆ ಧೂಳು ಕೊಡವಿ, ಆಮೇಲೆ ಎಣ್ಣೆ. ಧೂಳಿನ ಮೇಲೆ ಔಡಲೆಣ್ಣೆ ಹಚ್ಚಿದರೆ ಕೂದಲು ಗಂಟುಗಟ್ಟುತ್ತದೆ.

ಒದ್ದೆ ಕೂದಲಿಗೆ ಸ್ಟ್ರೇಟನರ್ ಬೇಡ. ಡೈ ಹಾಕಿದ ವಾರದಲ್ಲಂತೂ ಬೇಡವೇ ಬೇಡ. ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸುತ್ತ ಬನ್ನಿ. ಶಾಲೆಯ ಮಕ್ಕಳ ಹೆರಳನ್ನು ಹಣೆಯ ಚರ್ಮ ಎಳೆಯುವಷ್ಟು ಬಿಗಿ ಹಾಕಬೇಡಿ, ಅಲ್ಲಿಂದಲೇ ಕೂದಲು ಬೋಳಾಗುತ್ತ ಹೋಗುತ್ತದೆ. ಉಳಿದ ಡೈಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಕಲಸಿದ್ದು ಉಳಿದರೆ ಚೆಲ್ಲಿ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಕತ್ತು ಊದಿ ಉಸಿರು ಕಟ್ಟುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಒಯ್ಯಿರಿ.